ತರಗು ಬೆಂಕಿ ನಿಂತ ಮೇಲೆ: ಬಿಳಿಗಿರಿರಂಗನಬೆಟ್ಟದ ಕಾಡಿನಲ್ಲಿ ಲಂಟಾನ ಹಬ್ಬಿದ ಪ್ರಕರಣ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟದ ಕಾಡಿನಲ್ಲಿ 1997ರಲ್ಲಿ ಗುರುತು ಹಾಕಿ ಗಿಡಮರಗಳನ್ನು ಎಣಿಸಿದ್ದ ತಾಕುಗಳನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯ ಸಂಶೋಧಕರಾದ ಭರತ್ ಸುಂದರಂ ಮತ್ತು ಅಂಕಿಲ ಹಿರೇಮಠ 2008ರಲ್ಲಿ ಮತ್ತೊಮ್ಮೆ ಎಣಿಸಿ ನೋಡಿದರು. ಮೊದಲ ಎಣಿಕೆಯಲ್ಲಿ ನೂರಕ್ಕೆ 41 ತಾಕುಗಳಲ್ಲಿ ಲಂಟಾನ ಎಂಬ ಹೊರನಾಡಿನ ಮುಳ್ಳುಪೊದೆ ಕಂಡಿತ್ತು. ಎರಡನೆಯ ಎಣಿಕೆಯಲ್ಲಿ ಅದು 81ಕ್ಕೆ ಏರಿತ್ತು. ಮೊದಲು ತಾಕಿನೊಳಗಿನ ಪ್ರತಿ 20 ಕಾಂಡಗಳಲ್ಲಿ ಒಂದು ಲಂಟಾನದ್ದಾಗಿದ್ದರೆ, ಹನ್ನೊಂದು ವರ್ಷಗಳ ಬಳಿಕ ಪ್ರತಿ ಮೂರರಲ್ಲಿ ಒಂದು ಅದರದ್ದಾಗಿತ್ತು. ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಈ ಎರಡನೆಯ ಅನುಪಾತವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಲಂಟಾನದ ಪಾಲು ಹೀಗೆ ಏರಲು ಲಂಟಾನ ಹೆಚ್ಚಾದದ್ದೂ ಕಾರಣವಿರಬಹುದು, ಉಳಿದ ಗಿಡಗಳು ಕಡಿಮೆಯಾದದ್ದೂ ಕಾರಣವಿರಬಹುದು. ಬಿಳಿಗಿರಿಯಲ್ಲಿ ಎರಡೂ ಒಟ್ಟೊಟ್ಟಿಗೆ ನಡೆದಿದ್ದವು.

ಈ ಬರಹದಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆ ಒಂದೇ: ಇಲ್ಲಿ ಹೀಗೇಕಾಯಿತು? ಆಕ್ರಮಣಕಾರಿ ಪ್ರಭೇದ, ಅನುಕ್ರಮಣ (ಒಂದು ಸಸ್ಯಸಮುದಾಯದ ಜಾಗಕ್ಕೆ ಕಾಲಕ್ರಮದಲ್ಲಿ ಇನ್ನೊಂದು ಬರುವುದು), ಬೀಜ ಪ್ರಸಾರ, ಕ್ಷೋಭೆ, ಮರುಪ್ರಭಾವ ಎಂಬ ಪಠ್ಯಪುಸ್ತಕದ ಪರಿಭಾಷೆಗಳು ಒಂದೊಂದಾಗಿ ಓದುವಾಗ ಒಣಗಿದಂತೆ ಕಾಣುತ್ತವೆ. ಈ ಒಂದು ಬೆಟ್ಟಸಾಲಿನಲ್ಲಿ ಅವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಕೆಲಸ ಮಾಡಿವೆ.

ಬೆಟ್ಟ ಮತ್ತು ಅದರ ಕಾಡು

ಪಶ್ಚಿಮಘಟ್ಟಗಳಿಂದ ಪೂರ್ವಘಟ್ಟಗಳ ಕಡೆಗೆ ಸೇತುವೆಯಂತೆ ಚಾಚಿಕೊಂಡಿರುವ ಈ ಬೆಟ್ಟಸಾಲು ಸುಮಾರು 600 ಮೀಟರ್‌ನಿಂದ 1,800 ಮೀಟರ್ ಎತ್ತರದವರೆಗೆ ಏರುತ್ತದೆ. ಬುಡದಲ್ಲಿ ಕುರುಚಲು ಕಾಡು, ಅದರ ಮೇಲೆ ಒಣ ಎಲೆಯುದುರುವ ಕಾಡು, ಇನ್ನೂ ಮೇಲೆ ತೇವವುಳ್ಳ ಎಲೆಯುದುರುವ ಕಾಡು, ನೆತ್ತಿಯ ಭಾಗದಲ್ಲಿ ನಿತ್ಯಹಸುರಿನ ಶೋಲಾ ಮತ್ತು ಹುಲ್ಲುಗಾವಲು ಇವೆ. ಕೆಲವೇ ಕಿಲೋಮೀಟರ್ ಅಂತರದೊಳಗೆ ಇಷ್ಟು ಬಗೆಯ ಸಸ್ಯಸಮುದಾಯಗಳು ಒಟ್ಟಿಗೆ ಸಿಗುವ ಜಾಗಗಳು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ. 1974ರಲ್ಲಿ ಇದನ್ನು ವನ್ಯಜೀವಿ ಅಭಯಾರಣ್ಯವೆಂದೂ 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿಸಲಾಯಿತು.

ಈ ಕಾಡು ಎಂದೂ ನಿರ್ಜನವಾಗಿರಲಿಲ್ಲ. ಸೋಲಿಗರೆಂಬ ಬುಡಕಟ್ಟು ಜನ ತಲೆಮಾರುಗಳಿಂದ ಇಲ್ಲಿನ ಪೋಡುಗಳಲ್ಲಿ, ಅಂದರೆ ಕಾಡಿನೊಳಗಿನ ತಮ್ಮ ಹಾಡಿಗಳಲ್ಲಿ, ಬಾಳುತ್ತ ಬಂದಿದ್ದಾರೆ. ಬೆಟ್ಟದ ರಂಗಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ಕಥೆಯ ಪ್ರಕಾರ ದೇವರು ಅವರಿಗೆ ಭಾವನಾಗಬೇಕು. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳಕಾಯಿ, ಅಳಲೆಕಾಯಿ, ಮಾಗಳಿಬೇರು, ಮರದ ಮೇಲಿನ ಪಾಸಿ ಮುಂತಾದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವೂ ಒಂದಿಷ್ಟು ರಾಗಿ ಬೇಸಾಯವೂ ಅವರ ಬದುಕಿನ ಆಧಾರ. ಅವರನ್ನು ಬಿಟ್ಟು ಇಲ್ಲಿನ ಸಸ್ಯಚರಿತ್ರೆಯನ್ನು ಬರೆಯಹೊರಟರೆ ಅದು ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಗಿಡವನ್ನು ಹತ್ತಿರದಿಂದ ನೋಡಿದರೆ

ಲಂಟಾನದ ಒಂದು ಕೊಂಬೆಯನ್ನು ಕೈಗೆತ್ತಿಕೊಂಡರೆ ಎಳೆಯ ಕಾಂಡ ನಾಲ್ಕು ಅಂಚುಗಳಾಗಿ ಚೌಕವಾಗಿರುವುದು ಬೆರಳಿಗೇ ತಿಳಿಯುತ್ತದೆ. ಅಂಚಿನುದ್ದಕ್ಕೂ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುವುದರಿಂದ ಪೊದೆಯೊಳಗೆ ಕೈ ಹಾಕುವುದು ಸುಲಭ, ತೆಗೆಯುವುದು ಕಷ್ಟ. ಎಲೆ ಒರಟಾಗಿದ್ದು, ಹಿಸುಕಿದರೆ ತೀಕ್ಷ್ಣವಾದ ವಾಸನೆ ಬರುತ್ತದೆ. ಒಂದೇ ಗೊಂಚಲಿನಲ್ಲಿ ನಡುವಿನ ಹೂಗಳು ಹಳದಿ, ಅಂಚಿನವು ಗುಲಾಬಿ ಅಥವಾ ಕಿತ್ತಳೆ. ಆಗಷ್ಟೇ ಅರಳಿದ ಹಳದಿ ಹೂವಿನಲ್ಲಿ ಮಕರಂದವಿರುತ್ತದೆ; ಪರಾಗಸ್ಪರ್ಶವಾದ ಬಳಿಕ ಅದರ ಬಣ್ಣ ಬದಲಾಗುತ್ತದೆ, ಹಾಗಾಗಿ ಚಿಟ್ಟೆಯೊಂದು ಹಳದಿಯನ್ನೇ ಹುಡುಕಿ ಕೂರುವುದನ್ನು ಹತ್ತು ನಿಮಿಷ ನಿಂತು ನೋಡಿದರೆ ಯಾರಾದರೂ ಕಾಣಬಹುದು. ಆ ಗೊಂಚಲೇ ಮುಂದೆ ಹಸಿರು ಕಾಯಿಗಳಾಗಿ, ಮಾಗಿದಾಗ ಕಪ್ಪು ಮಣಿಗಳಂಥ ಹಣ್ಣುಗಳಾಗುತ್ತದೆ.

ಇದರ ಮೂಲ ಉಷ್ಣವಲಯದ ಅಮೆರಿಕ. ಯುರೋಪಿನ ತೋಟಗಾರರು ಅಲಂಕಾರಕ್ಕೆಂದು ಹಲವು ತಳಿಗಳನ್ನು ಬೆರೆಸಿ ಬೆಳೆಸಿದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬೇಲಿಯ ಗಿಡವಾಗಿ ಊರೂರಿಗೆ ಹರಡಿತು. ಇಂದು ದೇಶದ ಕಾಡುಗಳಲ್ಲಿ ಇದು ಆವರಿಸಿರುವ ನೆಲ ಒಂದೂವರೆ ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚೆಂಬ ಅಂದಾಜು 2020ರಲ್ಲಿ ಪ್ರಕಟವಾಯಿತು.

ಹೊರಗಿನಿಂದ ಬಂದ ಗಿಡಗಳೆಲ್ಲವೂ ಆಕ್ರಮಣಕಾರಿಗಳಲ್ಲ. ಮೆಣಸಿನಕಾಯಿ, ಸೀಬೆ, ಟೊಮೆಟೊ ಕೂಡ ಅಮೆರಿಕದಿಂದಲೇ ಬಂದವು. ಅವು ಬಿಳಿಗಿರಿಯ ಕಾಡನ್ನು ಮುತ್ತಲಿಲ್ಲ. ಲಂಟಾನ ಬೇರೆಯಾಗುವುದು ಹಲವು ಗುಣಗಳು ಅದರಲ್ಲಿ ಒಟ್ಟಿಗೆ ಕೂಡಿರುವುದರಿಂದ. ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷವಸ್ತು ಮೇಯುವ ಪ್ರಾಣಿಗಳ ಯಕೃತ್ತನ್ನು ಕೆಡಿಸುವುದರಿಂದ ಜಿಂಕೆ, ಕಾಟಿ, ದನಗಳು ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ. ಹಣ್ಣನ್ನು ಮಾತ್ರ ಪಿಕಳಾರ, ಮೈನಾ ಮುಂತಾದ ಹಕ್ಕಿಗಳು ಆಸೆಯಿಂದ ತಿಂದು, ಬೇರೆ ಮರದ ಕೊಂಬೆಯ ಮೇಲೆ ಕುಳಿತು ಬೀಜವನ್ನು ಉದುರಿಸುತ್ತವೆ. ಕಾಂಡವನ್ನು ಕಡಿದರೆ, ಸುಟ್ಟರೆ, ನೆಲದೊಳಗಿನ ಬುಡದಿಂದ ಮತ್ತೆ ಹಲವು ಚಿಗುರುಗಳು ಏಳುತ್ತವೆ. ಬಿಸಿಲಿದ್ದರೆ ವೇಗವಾಗಿ ಬೆಳೆಯುತ್ತದೆ, ಅರೆನೆರಳಿನಲ್ಲಿಯೂ ಸಾಯದೆ ಕಾಯುತ್ತದೆ, ಆಸರೆ ಸಿಕ್ಕರೆ ಬಳ್ಳಿಯಂತೆ ಮರವನ್ನೂ ಹತ್ತುತ್ತದೆ. ಬೇರು ಮತ್ತು ಎಲೆಗಳಿಂದ ಒಸರುವ ರಾಸಾಯನಿಕಗಳು ಸುತ್ತಲಿನ ಮೊಳಕೆಗಳನ್ನು ತಡೆಯುತ್ತವೆ ಎಂಬುದಕ್ಕೆ ಪ್ರಯೋಗಾಲಯದ ಪುರಾವೆಗಳಿವೆ. ಆದರೆ ಕಾಡಿನೊಳಗೆ ಆ ಪರಿಣಾಮವನ್ನು ದಟ್ಟ ನೆರಳಿನ ಪರಿಣಾಮದಿಂದ ಬೇರ್ಪಡಿಸಿ ತೋರಿಸುವುದು ಕಷ್ಟ.

ಬಲಿತ ಲಂಟಾನ ಪೊದೆಯ ಅಡಿ ಬಗ್ಗಿ ನೋಡಿದರೆ ಹುಲ್ಲು ಇರುವುದಿಲ್ಲ, ಮರದ ಸಸಿಗಳೂ ವಿರಳ. ಮೇಲೆ ನೋಡಿದರೆ ಮತ್ತಿ, ಹೊನ್ನೆ, ದಿಂಡಿಗ, ತಡಸಲು ಮರಗಳು ಎಂದಿನಂತೆ ನಿಂತಿರುತ್ತವೆ. ದೂರದಿಂದ ನೋಡುವವರಿಗೆ, ಉಪಗ್ರಹದ ಚಿತ್ರಕ್ಕೂ, ಇದು ಹಸಿರು ತುಂಬಿದ ಆರೋಗ್ಯಕರ ಕಾಡು. ಆದರೆ ಜೀವಿಸಮುದಾಯದ ಆರೋಗ್ಯವನ್ನು ಅಳೆಯುವುದು ಅದರ ವಯೋರಚನೆಯಿಂದ, ಅಂದರೆ ಮುದಿ ಮರ, ನಡುವಯಸ್ಸಿನ ಮರ, ಎಳೆಯ ಗಿಡ, ಸಸಿ ಇವೆಲ್ಲ ಯಾವ ಪ್ರಮಾಣದಲ್ಲಿವೆ ಎಂಬುದರಿಂದ. ಸಸಿಗಳ ಸಾಲೇ ಇಲ್ಲದಿರುವಾಗ ಇಂದಿನ ಮರಗಳು ಬಿದ್ದ ನಂತರ ಆ ಜಾಗವನ್ನು ತುಂಬುವವರು ಯಾರು? ನೂರು ವರ್ಷ ಬಾಳುವ ಮರಗಳ ಕಾಡಿನಲ್ಲಿ ನಷ್ಟ ಕಣ್ಣಿಗೆ ಬೀಳುವಷ್ಟರಲ್ಲಿ ಬಹಳ ತಡವಾಗಿರುತ್ತದೆ.

ಸೋಲಿಗರ ಸಾಕ್ಷ್ಯ

ಲಂಟಾನ ಹೀಗೆ ಹಬ್ಬಿದ್ದೇಕೆ ಎಂದು ಸಂಶೋಧಕರು ಸೋಲಿಗರನ್ನು ಕೇಳಿದಾಗ ಮತ್ತೆ ಮತ್ತೆ ಬಂದ ಉತ್ತರ, ತರಗು ಬೆಂಕಿ ನಿಂತದ್ದರಿಂದ ಎಂಬುದು. ಒಣಗಿ ಉದುರಿದ ಎಲೆಗೆ ತರಗು ಎನ್ನುವುದು ಕನ್ನಡಿಗರಿಗೆಲ್ಲ ಗೊತ್ತು. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಒಂದಿಷ್ಟು ತೇವವಿರುವಾಗ, ಈ ತರಗಿಗೆ ಸೋಲಿಗರು ಬೆಂಕಿಯಿಡುತ್ತಿದ್ದರು. ಎಲೆಯ ಪದರ ತೆಳುವಾಗಿರುವುದರಿಂದ ಉರಿ ಎತ್ತರಕ್ಕೆ ಏಳದೆ ನೆಲದ ಮೇಲೆ ಹರಿದು ಹೋಗುತ್ತಿತ್ತು. ದಪ್ಪ ತೊಗಟೆಯ ಮರಗಳಿಗೆ ಅದರಿಂದ ಹೆಚ್ಚಿನ ಹಾನಿಯಾಗುತ್ತಿರಲಿಲ್ಲ. ಒಣಹುಲ್ಲು ಸುಟ್ಟು ಹೊಸ ಹುಲ್ಲು ಚಿಗುರುತ್ತಿತ್ತು, ರಕ್ತ ಹೀರುವ ಉಣ್ಣಿಗಳು ಸಾಯುತ್ತಿದ್ದವು, ಕಾಲುಹಾದಿ ತೆರವಾಗಿ ಆನೆ ಕರಡಿಗಳು ದೂರದಿಂದಲೇ ಕಾಣುತ್ತಿದ್ದವು. ಅಲ್ಲೊಂದು ಇಲ್ಲೊಂದು ಮೊಳೆತ ಎಳೆಯ ಲಂಟಾನವೂ ಆ ಉರಿಗೆ ಸಿಕ್ಕು ಸಾಯುತ್ತಿತ್ತೆಂದು ಅವರು ಹೇಳುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಅಭಯಾರಣ್ಯದ ಘೋಷಣೆಯಾದ ಮೇಲೆ ಬೇಟೆ ನಿಂತಿತು, ಕಾಡು ಕಡಿದು ಸುಟ್ಟು ಬೇಸಾಯ ಮಾಡುವ ಪದ್ಧತಿ ನಿಂತಿತು, ಪೋಡುಗಳನ್ನು ಸ್ಥಳಾಂತರಿಸಿ ಒಂದೆಡೆ ನೆಲೆಗೊಳಿಸಲಾಯಿತು, ತರಗು ಬೆಂಕಿಯೂ ನಿಂತಿತು. ಆ ಕಾಲದ ಅರಣ್ಯ ವಿಜ್ಞಾನದಲ್ಲಿ ಬೆಂಕಿಯೆಂದರೆ ಹಾನಿ ಎಂಬುದು ಚರ್ಚೆಗೇ ಬಾರದ ನಂಬಿಕೆಯಾಗಿತ್ತು. ಆದ್ದರಿಂದ ನಿಷೇಧ ತಂದವರ ಉದ್ದೇಶವನ್ನು ನಾನು ಸಂಶಯಿಸುವುದಿಲ್ಲ. ಆದರೆ ಆ ಕಾಡಿನ ಇಂಚಿಂಚನ್ನೂ ಬಲ್ಲವರನ್ನು ಒಂದು ಮಾತು ಕೇಳದೆ ಆ ನಿರ್ಧಾರವಾಯಿತು ಎಂಬ ನೋವು ನನಗಿದೆ.

ಎದುರುಬದುರಾದ ಎರಡು ಊಹೆಗಳು

ಈ ಪ್ರಕರಣ ನಿಜಕ್ಕೂ ಕಲಿಸುವುದು ಇಲ್ಲಿಂದ ಮುಂದೆ. 2005ರಲ್ಲಿ ಹಿರೇಮಠ ಮತ್ತು ಸುಂದರಂ ಅವರೇ ಮುಂದಿಟ್ಟಿದ್ದ ಊಹೆಯೊಂದು ಸೋಲಿಗರ ಮಾತಿಗೆ ಮೇಲ್ನೋಟಕ್ಕೆ ತೀರಾ ವಿರುದ್ಧವಾಗಿದೆ. ಬೆಂಕಿ ಬಿದ್ದ ಕಾಡಿನಲ್ಲಿ ಬಿಸಿಲು ನೆಲಕ್ಕೆ ಬೀಳುತ್ತದೆ. ಆ ತೆರವಿನಲ್ಲಿ ಬುಡದಿಂದ ಚಿಗುರುವ ಲಂಟಾನ ಉಳಿದ ಗಿಡಗಳಿಗಿಂತ ಮೊದಲು ಜಾಗ ಹಿಡಿಯುತ್ತದೆ. ಅದರ ಒಣ ಕಡ್ಡಿಗಳು ಮುಂದಿನ ಬೇಸಿಗೆಯಲ್ಲಿ ಇನ್ನೂ ಹೆಚ್ಚು ಉರುವಲಾಗಿ ಇನ್ನೂ ದೊಡ್ಡ ಬೆಂಕಿಯನ್ನು ತರುತ್ತವೆ. ಆ ಬೆಂಕಿ ಮತ್ತಷ್ಟು ಲಂಟಾನಕ್ಕೆ ದಾರಿ ಮಾಡುತ್ತದೆ. ಬೆಂಕಿ ಮತ್ತು ಲಂಟಾನದ ಈ ಚಕ್ರ ಧನಾತ್ಮಕ ಮರುಪ್ರಭಾವಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ‘ಧನಾತ್ಮಕ’ ಎಂದರೆ ಒಳ್ಳೆಯದು ಎಂಬ ಅರ್ಥವಲ್ಲ, ಪರಿಣಾಮವು ತನ್ನ ಕಾರಣವನ್ನೇ ಬಲಪಡಿಸುತ್ತ ಹೋಗುವುದು ಎಂಬ ಅರ್ಥ.

ಹಾಗಾದರೆ ಬೆಂಕಿಯಿಂದ ಲಂಟಾನ ಹೆಚ್ಚಿತೋ, ಬೆಂಕಿ ನಿಂತದ್ದರಿಂದ ಹೆಚ್ಚಿತೋ? ಎರಡರಲ್ಲಿ ಒಂದನ್ನು ಆರಿಸಬೇಕೆಂದು ಹೊರಟರೆ ದಾರಿ ತಪ್ಪುತ್ತೇವೆ, ಏಕೆಂದರೆ ಎರಡೂ ಊಹೆಗಳು ಹೇಳುತ್ತಿರುವ ಬೆಂಕಿ ಒಂದೇ ಅಲ್ಲ. ಪರಿಸರ ವಿಜ್ಞಾನದಲ್ಲಿ ಬೆಂಕಿ, ನೆರೆ, ಗಾಳಿ, ಮೇಯುವಿಕೆ ಇವನ್ನೆಲ್ಲ ಕ್ಷೋಭೆ ಎನ್ನುತ್ತೇವೆ. ಕ್ಷೋಭೆಯನ್ನು ವಿವರಿಸುವಾಗ ಅದು ಇದೆಯೋ ಇಲ್ಲವೋ ಎಂದರೆ ಸಾಲದು, ಎಷ್ಟು ತೀವ್ರ, ಎಷ್ಟು ವರ್ಷಕ್ಕೊಮ್ಮೆ, ಯಾವ ಋತುವಿನಲ್ಲಿ, ಎಷ್ಟು ವಿಸ್ತಾರದಲ್ಲಿ ಎಂದೂ ಹೇಳಬೇಕು. ತಂಪು ಇನ್ನೂ ಆರದಿರುವಾಗ ಮೊಣಕಾಲೆತ್ತರಕ್ಕೆ ಹರಿಯುವ ತರಗು ಬೆಂಕಿಯೂ, ಬಿರುಬೇಸಿಗೆಯಲ್ಲಿ ಆಳೆತ್ತರದ ಲಂಟಾನದ ಒಣಗಡ್ಡಿಗಳನ್ನು ಏಣಿ ಮಾಡಿಕೊಂಡು ಮರದ ನೆತ್ತಿಗೆ ಹತ್ತುವ ಬೆಂಕಿಯೂ ಕಾಡಿನ ಮಟ್ಟಿಗೆ ಬೇರೆ ಬೇರೆ ಘಟನೆಗಳು. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡನ್ನು ಸುಟ್ಟ ಬೆಂಕಿಯನ್ನು ನೆನೆದರೆ ಈ ವ್ಯತ್ಯಾಸ ಮನಸ್ಸಿಗೆ ಬರುತ್ತದೆ.

ಇದಕ್ಕೆ ಗಿಡದ ವಯಸ್ಸನ್ನೂ ಸೇರಿಸಬೇಕು. ಒಂದು ಮಳೆಗಾಲ ಕಂಡ ಲಂಟಾನದ ಸಸಿಗೆ ನೆಲದಡಿ ದಾಸ್ತಾನು ಇರುವುದಿಲ್ಲ, ಸಣ್ಣ ಉರಿಗೂ ಅದು ಸಾಯಬಹುದು. ಹತ್ತು ವರ್ಷದ ಪೊದೆಗೆ ಬಲಿತ ಬುಡವಿರುತ್ತದೆ. ಮೇಲಿನದೆಲ್ಲ ಸುಟ್ಟರೂ ಮೊದಲ ಮಳೆಗೆ ಚಿಗುರುತ್ತದೆ. ಹಾಗಾಗಿ ವರ್ಷ ವರ್ಷವೂ ಹರಿದಾಡುತ್ತಿದ್ದ ಸಣ್ಣ ಬೆಂಕಿ ಲಂಟಾನವನ್ನು ಸಸಿಯ ಹಂತದಲ್ಲೇ ತಡೆದಿತ್ತು, ಅದು ನಿಂತ ದಶಕಗಳಲ್ಲಿ ಸಸಿಗಳು ಪೊದೆಗಳಾದವು, ಪೊದೆಗಳಾದ ಮೇಲೆ ಬಿದ್ದ ದೊಡ್ಡ ಬೆಂಕಿಗಳು ಅವನ್ನೇ ಹೆಚ್ಚಿಸಿದವು ಎಂದು ಓದಿಕೊಂಡರೆ ಸೋಲಿಗರ ಮಾತೂ ಸಂಶೋಧಕರ ಊಹೆಯೂ ಒಂದೇ ಕಥೆಯ ಹಿಂದಿನ ಮತ್ತು ಮುಂದಿನ ಅಧ್ಯಾಯಗಳಾಗುತ್ತವೆ. ಇದು ನನಗೆ ಹೆಚ್ಚು ಒಪ್ಪಿಗೆಯಾಗುವ ಓದು.

ಈ ಓದಿನಿಂದ ಹೊರಡುವ ಮಾತು ಒಂದಿದೆ, ಅದು ಹಿತವಾದುದಲ್ಲ. ತರಗು ಬೆಂಕಿ ನಿಂತದ್ದೇ ಕಾರಣವಾದರೆ ಅದನ್ನು ಮತ್ತೆ ಹಚ್ಚಿದರೆ ಸಾಕಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಸಾಲದು. ಇಂದು ಲಂಟಾನ ತುಂಬಿದ ಇಳಿಜಾರಿನಲ್ಲಿ ತರಗು ಬೆಂಕಿ ಎಂಬುದು ಸಾಧ್ಯವೇ ಇಲ್ಲ. ಹುಲ್ಲು ಇಲ್ಲದ್ದರಿಂದ ಸಣ್ಣ ಉರಿ ಹರಿಯುವುದಿಲ್ಲ, ಹೊತ್ತಿಕೊಂಡರೆ ದೊಡ್ಡದೇ ಹೊತ್ತಿಕೊಳ್ಳುತ್ತದೆ. ಕಾಡು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರಿದ ಮೇಲೆ, ಜಾರಿಸಿದ ಕಾರಣವನ್ನು ತೆಗೆದರೂ ಅದು ತಾನಾಗಿ ಹಿಂದಕ್ಕೆ ಬರುವುದಿಲ್ಲ. ಪರ್ಯಾಯ ಸ್ಥಿರಸ್ಥಿತಿ ಎಂಬ ಪರಿಕಲ್ಪನೆ ಹೇಳುವುದು ಇದನ್ನೇ, ಮತ್ತು ಬರಿಯ ರೇಖಾಚಿತ್ರಗಳಲ್ಲಿ ಅದನ್ನು ಕಲಿತವರು ಇಂಥ ಒಂದು ಇಳಿಜಾರಿನ ಮುಂದೆ ನಿಂತಾಗಲೇ ಅದರ ಭಾರವನ್ನು ಅರಿಯುತ್ತಾರೆ.

ನೆಲ್ಲಿ ಮರದ ಉಪ್ಪಿಲು

ಬೆಂಕಿಯ ವಿಚಾರದಲ್ಲಿ ಸೋಲಿಗರ ಸಾಕ್ಷ್ಯ ಲಂಟಾನಕ್ಕೆ ಮಾತ್ರ ಸೀಮಿತವಲ್ಲ. ಬೆಟ್ಟದ ನೆಲ್ಲಿ ಮರಗಳ ಕೊಂಬೆಗಳ ಮೇಲೆ ಬಂದಳಿಕೆಯ ಒಂದು ಪ್ರಭೇದ ಹೆಚ್ಚಾಗಿ ಬೆಳೆಯುತ್ತದೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಅದು ಅರೆಪರಾವಲಂಬಿ ಸಸ್ಯ: ತನ್ನ ಹಸಿರೆಲೆಗಳಿಂದ ಆಹಾರ ತಯಾರಿಸಿಕೊಂಡರೂ ನೀರು ಮತ್ತು ಲವಣಗಳನ್ನು ಆಸರೆಯ ಮರದಿಂದ ಹೀರುತ್ತದೆ. ಅದರ ಹಣ್ಣಿನೊಳಗಿನ ಬೀಜಕ್ಕೆ ಅಂಟು ಇರುತ್ತದೆ. ಹಣ್ಣು ತಿಂದ ಬದನಿಕೆ ಹಕ್ಕಿ ಅಂಟನ್ನು ಬಿಡಿಸಿಕೊಳ್ಳಲು ಕೊಂಬೆಗೆ ಒರೆಸುತ್ತದೆ, ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಹಕ್ಕಿಗೂ ಬಂದಳಿಕೆಗೂ ನಡುವೆ ಇರುವುದು ಪರಸ್ಪರ ಲಾಭದ ಸಂಬಂಧ, ಬಂದಳಿಕೆಗೂ ನೆಲ್ಲಿಗೂ ನಡುವೆ ಇರುವುದು ಪರಾವಲಂಬನೆ. ಸಹಜೀವನದ ಎರಡು ಬಗೆಗಳು ಒಂದೇ ಕೊಂಬೆಯ ಮೇಲೆ ಸಿಗುತ್ತವೆ.

ಉಪ್ಪಿಲು ಹತ್ತಿದ ಮರ ಕಡಿಮೆ ಕಾಯಿ ಬಿಡುತ್ತದೆಂಬುದನ್ನು ಅಧ್ಯಯನಗಳು ತೋರಿಸಿವೆ. ಹಿಂದೆ ತರಗು ಬೆಂಕಿಯ ಶಾಖ ಮತ್ತು ಹೊಗೆ ಉಪ್ಪಿಲನ್ನು ಹದ್ದುಬಸ್ತಿನಲ್ಲಿಟ್ಟಿತ್ತೆಂಬುದು ಸೋಲಿಗರ ವಾದ. ಅದರ ಜೊತೆಗೆ ಇನ್ನೊಂದು ಸಂಗತಿಯಿದೆ. ನೆಲ್ಲಿಕಾಯಿ ಕೊಯ್ಯಲು ಮರ ಹತ್ತಿದವರು ಉಪ್ಪಿಲು ಹತ್ತಿದ ಕೊಂಬೆಯನ್ನು ಕಡಿದು ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪರಿಣಾಮವಾಗಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಅರಣ್ಯ ಉತ್ಪನ್ನ ಸಂಗ್ರಹಿಸುವುದು ನಿಂತಾಗ, ಕೊಯ್ಲಿನ ಜೊತೆಗೇ ಆ ಆರೈಕೆಯೂ ನಿಂತಿತು. ಕೊಯ್ಲೆಂದರೆ ಬರಿಯ ಕಸಿಯುವಿಕೆ ಎಂದುಕೊಂಡವರ ಲೆಕ್ಕದಲ್ಲಿ ಈ ಸಂಗತಿ ಸೇರಿರಲೇ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಬೆಂಕಿ ನಿಂತ ಕಾಲದಲ್ಲೇ ಲಂಟಾನ, ಉಪ್ಪಿಲು ಎರಡೂ ಹೆಚ್ಚಿದವು ಎಂಬುದು ಸಹಸಂಬಂಧ. ಅದೊಂದರಿಂದಲೇ ಕಾರಣ ಸಿದ್ಧವಾಗುವುದಿಲ್ಲ. ಅದೇ ದಶಕಗಳಲ್ಲಿ ರಸ್ತೆಗಳಾದವು, ಪೋಡುಗಳು ಜಾಗ ಬದಲಿಸಿದವು, ಬಿದಿರು ಕಟಾವಾಯಿತು. ಕಾರಣವನ್ನು ಗಟ್ಟಿಯಾಗಿ ಹೇಳಬೇಕಾದರೆ ಅಕ್ಕಪಕ್ಕದ ತಾಕುಗಳಲ್ಲಿ ಒಂದಕ್ಕೆ ಸೋಲಿಗರ ಕ್ರಮದಲ್ಲಿ ಬೆಂಕಿಯಿಟ್ಟು, ಇನ್ನೊಂದನ್ನು ಬಿಟ್ಟು, ಹಲವು ವರ್ಷ ಎಣಿಸುವ ಪ್ರಯೋಗಗಳು ಬೇಕು. ಬೆಂಕಿಯೇ ಅಪರಾಧವಾಗಿರುವ ಕಾಡಿನಲ್ಲಿ ಅಂಥ ಪ್ರಯೋಗಕ್ಕೆ ಅನುಮತಿ ಸಿಗುವುದೇ ಕಷ್ಟ. ಹಾಗೆಂದು ತಲೆಮಾರುಗಳ ನಿಗಾವಣೆಯನ್ನು ಕೇವಲ ಅಭಿಪ್ರಾಯವೆಂದು ತಳ್ಳುವುದೂ ವಿಜ್ಞಾನದ ರೀತಿಯಲ್ಲ. ಅದು ಪರೀಕ್ಷೆಗೆ ಯೋಗ್ಯವಾದ, ವಿವರವುಳ್ಳ ಊಹೆ.

ತೆಗೆಯುವ ಪ್ರಯತ್ನಗಳು

ಲಂಟಾನವನ್ನು ಕೀಟಗಳಿಂದ ಅಡಗಿಸುವ ಪ್ರಯತ್ನ ನಮ್ಮ ದೇಶದಲ್ಲಿ ನೂರು ವರ್ಷದಷ್ಟು ಹಳೆಯದು. ಎಲೆಯ ರಸ ಹೀರುವ ಜಾಲರಿ ತಿಗಣೆಯೊಂದನ್ನು 1941ರಲ್ಲಿ ತರಿಸಲಾಯಿತು. ಅದು ತೇಗದ ಹೂವಿಗೂ ಬಾಯಿ ಹಾಕಬಹುದೆಂಬ ಭಯದಿಂದ ಸಾಕಿದ್ದನ್ನು ನಾಶ ಮಾಡಿದರೂ ಅಷ್ಟರಲ್ಲಿ ಅದು ತಪ್ಪಿಸಿಕೊಂಡು ಹರಡಿತ್ತು. ಲಂಟಾನ ಮಾತ್ರ ಕುಗ್ಗಲಿಲ್ಲ. ಮೇಲಿಂದ ಕಡಿಯುವ ಕ್ರಮವೂ ಫಲ ಕೊಟ್ಟಿಲ್ಲ. ಸಫಾರಿ ರಸ್ತೆಗಳ ಎರಡೂ ಬದಿಯಲ್ಲಿ ಪ್ರಾಣಿಗಳು ಕಾಣಲೆಂದು ಕತ್ತರಿಸಿದ ಪಟ್ಟಿಯಲ್ಲಿ ಮರುವರ್ಷ ಅದೇ ಗಿಡ ಇನ್ನಷ್ಟು ಕವಲೊಡೆದು ನಿಂತಿರುತ್ತದೆ.

ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಕ್ರಮ ಗಿಡದ ಸ್ವಭಾವವನ್ನು ಅರಿತು ಮಾಡಿದ್ದು. ಚಿಗುರುಗಳು ಏಳುವುದು ಕಾಂಡ ಮತ್ತು ಬೇರು ಕೂಡುವ ಬುಡದಿಂದ. ಆದ್ದರಿಂದ ಅದಕ್ಕಿಂತ ಕೆಳಗೆ, ನೆಲದೊಳಗೆ ಗುದ್ದಲಿಯಿಂದ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಎತ್ತಿ ತಲೆಕೆಳಗಾಗಿ ಇಟ್ಟರೆ ಬುಡ ಮಣ್ಣಿಗೆ ತಾಗದೆ ಒಣಗುತ್ತದೆ. ನಂತರದ ಮಳೆಗಾಲಗಳಲ್ಲಿ ಹಕ್ಕಿಗಳು ಕೂರುವ ಮರಗಳ ಕೆಳಗೆ ಹೊಸದಾಗಿ ಹುಟ್ಟುವ ಸಸಿಗಳನ್ನು ಹುಡುಕಿ ಕೀಳಬೇಕು. ಮಲೆಮಹದೇಶ್ವರ ಬೆಟ್ಟದಲ್ಲಿ 2004ರಿಂದ ಏಟ್ರೀ ಸಂಸ್ಥೆಯ ನೆರವಿನೊಂದಿಗೆ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿ ಹೆಣೆಯುತ್ತ ಬಂದಿದ್ದಾರೆ. ಬಿದಿರು ಸಿಗದ ಕಾಲದಲ್ಲಿ ಅದು ಅವರ ಕೈಗೆ ಒಳ್ಳೆಯ ಕಸುಬು. ಆದರೆ ಕಾಡನ್ನು ತೆರವುಗೊಳಿಸುವ ಮಟ್ಟಿಗೆ ಅದರಿಂದ ನಿರೀಕ್ಷಿಸುವುದು ಅನ್ಯಾಯ, ಏಕೆಂದರೆ ಹೆಣಿಗೆಗೆ ಬೇಕಾದದ್ದು ಹದವಾದ ಕಡ್ಡಿ, ಬುಡವಲ್ಲ. ತೆರವಾದ ಜಾಗವನ್ನು ಹಾಗೆಯೇ ಬಿಟ್ಟರೆ ಯುಪಟೋರಿಯಂ ಎಂಬ ಇನ್ನೊಂದು ಹೊರನಾಡಿನ ಕಳೆಗಿಡ ಬಂದು ಕೂರುತ್ತದೆ ಎಂಬುದೂ ಈ ಭಾಗದ ಕಾಡುಗಳಲ್ಲಿ ಓಡಾಡುವವರಿಗೆ ಗೊತ್ತಿರುವ ವಿಷಯ.

2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮನ್ನಣೆ ಪಡೆದದ್ದು ದೇಶದಲ್ಲಿ ಅದೇ ಮೊದಲು. ಸಮುದಾಯದ ಕಾಡನ್ನು ಕಾಯುವ, ಮರುಹುಟ್ಟಿಸುವ, ನಿರ್ವಹಿಸುವ ಹಕ್ಕೂ ಆ ಕಾಯ್ದೆಯಲ್ಲಿದೆ. ಬೆಂಕಿಯನ್ನು ನಿಷೇಧಿಸುವ ಕಲಮು ಮತ್ತು ನಿರ್ವಹಣೆಯ ಹಕ್ಕು ಕೊಡುವ ಕಲಮು ಒಂದೇ ಇಳಿಜಾರಿನ ಮೇಲೆ ಎದುರಾಗಿ ನಿಂತಿವೆ.

ಒಂದು ಇಳಿಜಾರನ್ನು ಇಂದು ಸರಿಪಡಿಸಲು ಹೊರಡುವವರಿಗೆ ಕೆಲಸದ ಕ್ರಮ ಹೀಗಿರಬೇಕೆಂದು ನನಗೆ ತೋರುತ್ತದೆ. ಲಂಟಾನ ವಿರಳವಾಗಿರುವ ಮೇಲ್ಭಾಗದಿಂದ, ಹುಲ್ಲು ಇನ್ನೂ ಉಳಿದಿರುವ ಜಾಗದಿಂದ ಆರಂಭಿಸಿ ದಟ್ಟವಾದ ಕಡೆಗೆ ಇಳಿಯುತ್ತ ಬರುವುದು. ತಾಯಿಬೇರು ಕತ್ತರಿಸಿದ ಗಿಡಗಳನ್ನು ಮರಗಳ ಬುಡದಿಂದ ದೂರ ಒಡ್ಡುವುದು. ಎರಡು ಮೂರು ಮಳೆಗಾಲ ಸಸಿ ಕೀಳುತ್ತ ಹುಲ್ಲು ಮತ್ತೆ ನೆಲ ಹಿಡಿಯಲು ಕಾಯುವುದು. ಹುಲ್ಲು ಮತ್ತು ತರಗು ತೆಳುವಾದ ಹಾಸಾಗಿ ಬಂದ ಮೇಲಷ್ಟೇ, ಉರಿ ಹೊರಗೆ ದಾಟದಂತೆ ಸುತ್ತ ಬೆಂಕಿರೇಖೆ ತೆಗೆದು, ದಿನವನ್ನೂ ಗಾಳಿಯನ್ನೂ ಬಲ್ಲ ಸೋಲಿಗ ಹಿರಿಯರ ಮುಂದಾಳತ್ವದಲ್ಲಿ ಸಣ್ಣ ತಾಕೊಂದಕ್ಕೆ ಮೊದಲ ಉರಿಯಿಡುವುದು. ಆ ತಾಕಿನ ಪಕ್ಕದಲ್ಲೇ ಉರಿಯಿಡದ ಇನ್ನೊಂದು ತಾಕು ಇರಬೇಕು. ಎರಡರಲ್ಲೂ ಎಣಿಸಬೇಕಾದದ್ದು ಲಂಟಾನವನ್ನಲ್ಲ, ಮುಂದಿನ ಮಳೆ ನಿಂತ ಮೇಲೆ ಮೊಣಕಾಲೆತ್ತರಕ್ಕೆ ಬಂದಿರುವ ನೆಲ್ಲಿ, ಮತ್ತಿ, ಹೊನ್ನೆಯ ಸಸಿಗಳನ್ನು.